ಎರಡನೆಯ ಕಾಲಂ

ಝೊಂಬಾ ಊರಿನ ಜನನ ಮರಣ ಗಣತಿ ಘಟಕದಲ್ಲಿ ಎನೆಲೆಸ್ ಮಕ್ವಿಂಜ ಅವರಿಗೆ ಬೆನ್ನ ಹಿಂದೆ ಇದ್ದ ಹೆಸರು ಗಡಿಯಾರದಮ್ಮ. ಎದುರಿಗೆ ಎಲ್ಲರೂ ಮಾಯಿ, ಅಂದರೆ ಅಮ್ಮ, ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಕಿಟಕಿಯ ಪಕ್ಕ ಒಂದೇ ಕುರ್ಚಿಯಲ್ಲಿ ಕೂತ ಐವತ್ತೊಂದರ ಹೆಂಗಸನ್ನು ಎದುರಿಗೆ ಬೇರೇನಾದರೂ ಎನ್ನುವ ಎದೆಗಾರಿಕೆ ಅಲ್ಲಿ ಯಾರಿಗೂ ಇರಲಿಲ್ಲ.

ಆ ಹೆಸರು ಬಂದದ್ದು ನಾಲ್ಕು ಸಾಲಿನಿಂದ. ಸುತ್ತಲಿನ ಮುನ್ನೂರ ಹನ್ನೆರಡು ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿತು, ಯಾವ ಮನೆಯಲ್ಲಿ ಯಾರು ತೀರಿಕೊಂಡರು ಎಂದು ಸೈಕಲ್ ತುಳಿದು ಹೋಗಿ ಕೇಳಿ ಬರುವವರು ಬೇರೆ. ಅವರು ತಂದದ್ದನ್ನು ಅಂಕಿಅಂಶದ ತಂತ್ರಾಂಶಕ್ಕೆ ಕೊಟ್ಟು, ಮೂರು ತಿಂಗಳಿಗೊಮ್ಮೆ ಆರೋಗ್ಯ ಇಲಾಖೆಗೆ ಪಟ್ಟಿ ಮಾಡಿ ಕಳಿಸುವುದು ಮಾಯಿ ಮತ್ತು ಅವರ ಜೊತೆಗಿನ ಮೂವರ ಕೆಲಸ. ಆ ಕೋಣೆಯಲ್ಲಿ ಯಾರು ಯಾವ ಪ್ರೋಗ್ರಾಂ ಬರೆದರೂ ಅದರ ತಲೆಯ ಮೇಲೆ ಮಾಯಿ ಹೇಳಿಕೊಟ್ಟ ನಾಲ್ಕು ಸಾಲು ಇರಲೇಬೇಕು. ಅವು ಇದ್ದರೆ ತಂತ್ರಾಂಶ ತನ್ನ ದಿನಚರಿಯಾದ ಲಾಗ್‌ನಲ್ಲಿ ಒಂದೊಂದು ಹಂತಕ್ಕೂ ಎರಡು ಅಂಕಿ ಬರೆಯುತ್ತದೆ. ಗೋಡೆಯ ಗಡಿಯಾರದ ಪ್ರಕಾರ ಎಷ್ಟು ಹೊತ್ತು ಹಿಡಿಯಿತು ಎನ್ನುವುದು ಒಂದು. ಅಷ್ಟರಲ್ಲಿ ಪ್ರೊಸೆಸರ್ ನಿಜವಾಗಿ ದುಡಿದದ್ದು ಎಷ್ಟು ಹೊತ್ತು ಎನ್ನುವುದು ಇನ್ನೊಂದು. ಒಂಬತ್ತು ವರ್ಷದಿಂದ ಪ್ರೋಗ್ರಾಂನ ಒಂದು ಓಟವನ್ನೂ ಬಿಡದೆ ಮಾಯಿ ಈ ಅಂಕಿಗಳನ್ನು ಉದ್ದನೆಯ ಕೋಷ್ಟಕವೊಂದರಲ್ಲಿ ಕೂಡಿಡುತ್ತ ಬಂದಿದ್ದರು.

"ಮಾಯಿ, ನಾನು ಟೀಗೆ ಹೋದ್ರೂ ಲಾಗ್ ಹಾಕ್ಬೇಕಾ?" ಎಂದು ತಿಯಾಮಿಕೆ ಕೆಣಕುತ್ತಿದ್ದಳು. ಪಕ್ಕದ ಮೇಜಿನವಳು, ಮೂವತ್ತು ದಾಟಿದ ಚುರುಕು ಹೆಂಗಸು, ಬಾಯಿಗೆ ಬೀಗವಿಲ್ಲ.

"ಹಾಕು. ಗಡಿಯಾರದ ಪ್ರಕಾರ ನಲವತ್ತು ನಿಮಿಷ. ಟೀ ಕುಡಿದಿದ್ದು ಎರಡು ನಿಮಿಷ. ಉಳಿದಿದ್ದೆಲ್ಲ ಊರಿನ ಸುದ್ದಿ," ಎನ್ನುತ್ತಿದ್ದರು ಮಾಯಿ, ಪರದೆಯಿಂದ ಕಣ್ಣು ತೆಗೆಯದೆ.

ಆ ಕೋಷ್ಟಕದ ಬಗ್ಗೆ ಮಾಯಿಗೆ ಇದ್ದ ಹೆಮ್ಮೆ ಸಣ್ಣದಲ್ಲ. ಕಚೇರಿಗೆ ಯಾರೇ ಹೊಸಬರು ಬರಲಿ, ಕೂರಿಸಿ ತೋರಿಸುತ್ತಿದ್ದರು. ಮೊಮ್ಮಕ್ಕಳ ಫೋಟೊ ತೋರಿಸುವವರಿಂದ ತಪ್ಪಿಸಿಕೊಂಡು ಬಂದವರು ಇಲ್ಲಿ ಸಿಕ್ಕಿಬೀಳುತ್ತಿದ್ದರು.

ಜೂನ್ ತಿಂಗಳ ಒಂದು ಸೋಮವಾರ, ಬೆಟ್ಟದ ಕಡೆಯಿಂದ ಚಿಪೆರೋನಿ ಮಂಜು ಇಳಿದು ಜಿನುಗು ಮಳೆಗೆ ಕಿಟಕಿಗಳೆಲ್ಲ ಬೆವತಿದ್ದಾಗ, ರಾಜಧಾನಿ ಲಿಲೊಂಗ್ವೆಯ ಮುಖ್ಯ ಕಚೇರಿಯಿಂದ ಡಾಕ್ಟರ್ ಚಿರಾಂಬೊ ಬಂದರು. ನಲವತ್ತರ ಸುಮಾರಿನ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. ಘಟಕದ ಮುಖ್ಯಸ್ಥ ಸುಕಾಲಿ, ಎಲ್ಲರ ಬಾಯಲ್ಲಿ ಬಾಂಬೊ ಅಂದರೆ ಅಪ್ಪಾಜಿ, ನಾಲ್ವರನ್ನೂ ತಮ್ಮ ಕೋಣೆಗೆ ಕರೆಸಿದರು. ಸುಕಾಲಿ ಅವರು ಒಳ್ಳೆಯವರೇ. ಆದರೆ ಲಿಲೊಂಗ್ವೆಯ ಯಾರನ್ನು ಕಂಡರೂ ಅವರ ಬೆನ್ನುಮೂಳೆ ರಜೆ ಹಾಕಿ ಹೋಗುತ್ತಿತ್ತು.

"ಮಾಯಿ, ನಿಮ್ಮ ಸಮಯದ ಕೋಷ್ಟಕ ಪೂರ್ತಿ ಓದ್ದೆ," ಎಂದರು ಚಿರಾಂಬೊ. "ಇಂಥಾ ಶಿಸ್ತು ನಾನು ಬೇರೆಲ್ಲೂ ನೋಡಿಲ್ಲ."

ಮಾಯಿ ಉಬ್ಬಿದರು. ಉಬ್ಬಿದ್ದು ಪಕ್ಕದಲ್ಲಿದ್ದ ತಿಯಾಮಿಕೆಗೂ ಕಾಣಿಸಿತು.

"ಅದರಿಂದಲೇ ನಮಗೆ ವಿಷಯ ಗೊತ್ತಾಗಿದ್ದು," ಎಂದು ಚಿರಾಂಬೊ ಒಂದು ಹಾಳೆ ಮುಂದಿಟ್ಟರು. ಮೇಲೇರುತ್ತ ಹೋಗುವ ಒಂದು ಗೆರೆ. "ಒಂಬತ್ತು ವರ್ಷದ ಕೆಳಗೆ ಮೂರು ತಿಂಗಳ ಪಟ್ಟಿಗೆ ಹತ್ತು ನಿಮಿಷ ಸಾಕಾಗ್ತಿತ್ತು. ಈ ಸಲ ಹತ್ತೊಂಬತ್ತು ಗಂಟೆ ಹದಿನಾಲ್ಕು ನಿಮಿಷ. ನಾನು ಹೇಳಿದ್ದಲ್ಲ ಮಾಯಿ, ನಿಮ್ಮ ಲಾಗ್ ಹೇಳಿದ್ದು. ಹೊಸ ಮೆಷಿನ್ ಬೇಕು ಅಂತ ನೀವೇ ಎರಡು ಸಲ ಬರೆದಿದೀರಿ, ಆ ಅರ್ಜಿಗಳೂ ಇಲ್ಲೇ ಇವೆ."

"ಹೌದು. ಮೆಷಿನ್ ಕೊಡ್ತೀರಾ?"

"ಮೆಷಿನ್ ಬಂದಿದೆ, ಲಿಲೊಂಗ್ವೆಗೆ. ದೊಡ್ಡದು. ಮುಂದಿನ ಸಲದಿಂದ ಪಟ್ಟಿ ಅಲ್ಲೇ ಆಗುತ್ತೆ. ನಾಲ್ಕು ಜನರಲ್ಲಿ ಇಬ್ಬರು ಅಲ್ಲಿಗೆ ಬರಬಹುದು. ಉಳಿದವರದ್ದು ಆಮೇಲೆ ನೋಡೋಣ."

ಸುಕಾಲಿ ಸಕ್ಕರೆ ಹಾಕಿರದ ಟೀಯನ್ನು ಚಮಚದಿಂದ ತಿರುವುತ್ತ ಕೂತರು. ಮಾಯಿಗೆ ಆದದ್ದು ಸಿಟ್ಟಲ್ಲ, ಅವಮಾನ. ತನ್ನ ಕೈಯಾರೆ ಬರೆದಿಟ್ಟದ್ದನ್ನೇ ಎತ್ತಿಕೊಂಡು ತನ್ನ ಕೆಲಸ ಕಸಿಯುತ್ತಿದ್ದಾರೆ. ಬರೆಯದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಒಂದ್ಸಲ ರಾಜಧಾನೀನೇ ನಮ್ಮೂರಿಂದ ಹೊತ್ಕೊಂಡು ಹೋದ್ರಿ," ಎಂದರು ಮಾಯಿ. "ಆಗ ನಾನು ಇನ್ನೂ ಹುಟ್ಟಿರ್ಲಿಲ್ಲ, ಅದಕ್ಕೆ ಸುಮ್ಮನಿದ್ದೆ. ಈಗ ಇದೀನಿ. ಆದೇಶಕ್ಕೆ ಸಹಿ ಯಾವತ್ತು?"

ಚಿರಾಂಬೊಗೆ ನಗು ಬಂತು. "ಗುರುವಾರ. ಅಲ್ಲೀವರೆಗೂ ಇಲ್ಲೇ ಇರ್ತೀನಿ."

"ಗುರುವಾರ ಬೆಳಿಗ್ಗೆ ಬನ್ನಿ ಹಾಗಾದ್ರೆ. ನಿಮ್ಮ ಕಣ್ಣೆದುರಿಗೇ ಓಡಿಸ್ತೀನಿ."

ಏನನ್ನು ಓಡಿಸುವುದು, ಹೇಗೆ ಓಡಿಸುವುದು ಎನ್ನುವುದು ಮಾಯಿಗೆ ಆಗ ಗೊತ್ತಿರಲಿಲ್ಲ. ಬಾಯಿಂದ ಬಂದುಬಿಟ್ಟಿತ್ತು.

ಮಂಗಳವಾರ ಅವರು ಯಾರೊಂದಿಗೂ ಮಾತಾಡದೆ ಕೋಷ್ಟಕ ತೆರೆದು ಕೂತರು. ಲಿಲೊಂಗ್ವೆಯ ಮೆಷಿನ್ ಕೂಡ ಈ ಕೆಲಸಕ್ಕೆ ಇಷ್ಟೇ ಹೊತ್ತು ತಿನ್ನುತ್ತದೆ ಎಂದು ತೋರಿಸುವುದು ಅವರ ಯೋಚನೆ. ಅದಕ್ಕೆ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂಬ ಅಂಕಿ ಬೇಕಿತ್ತು. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಒಂಬತ್ತು ವರ್ಷ ಎರಡು ಕಾಲಂ ಬರೆದಿಟ್ಟ ಮಾಯಿ ಓದುತ್ತಿದ್ದದ್ದು ಮೊದಲನೆಯದನ್ನು ಮಾತ್ರ. ಎಷ್ಟು ಹೊತ್ತಾಯಿತು ಎಂಬುದಕ್ಕೆ ಗಡಿಯಾರವೇ ಸಾಕಲ್ಲ. ಎರಡನೆಯದು ತುಂಬಿದರೆ ಕೋಷ್ಟಕ ಪೂರ್ತಿಯಾಗಿ ಕಾಣುತ್ತದೆ ಎಂದು ತುಂಬುತ್ತಿದ್ದರು, ಅಷ್ಟೇ.

ಗಡಿಯಾರ: ಹತ್ತೊಂಬತ್ತು ಗಂಟೆ ಹದಿನಾಲ್ಕು ನಿಮಿಷ. ಪ್ರೊಸೆಸರ್: ಮೂವತ್ತೆಂಟು ನಿಮಿಷ.

ಮಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗಂಟೆ ಎಂದು ಬರೆಯುವ ಕಡೆ ನಿಮಿಷ ಎಂದು ಬರೆದಿರಬಹುದೇ ಎಂದು ಮೂಲ ಲಾಗ್ ತೆಗೆದು ನೋಡಿದರು. ಅಲ್ಲೂ ಮೂವತ್ತೆಂಟೇ. ಅದರ ಹಿಂದಿನ ಸಲ ಮೂವತ್ತಾರು, ಅದಕ್ಕೂ ಹಿಂದೆ ಮೂವತ್ತೈದು.

"ತಿಯಾ, ಇಲ್ಲಿ ಬಾ."

ತಿಯಾಮಿಕೆ ಕುರ್ಚಿಯನ್ನು ಉರುಳಿಸಿಕೊಂಡೇ ಬಂದಳು.

"ಈ ಮೆಷಿನ್ ಸೋತಿಲ್ಲ ಕಣೇ. ಇದಕ್ಕೆ ಕೆಲಸಾನೇ ಸಿಕ್ತಿಲ್ಲ. ಹತ್ತೊಂಬತ್ತು ಗಂಟೇಲಿ ದುಡಿದಿದ್ದು ಮೂವತ್ತೆಂಟು ನಿಮಿಷ. ಹದಿನೆಂಟೂವರೆ ಗಂಟೆ ಸುಮ್ನೆ ಕೈ ಕಟ್ಕೊಂಡು ಕೂತಿದೆ."

"ಯಾರಿಗೆ ಕಾಯ್ತಾ?"

"ಅದನ್ನೇ ನೋಡ್ಬೇಕು."

ನೋಡುವುದು ಕಷ್ಟವಾಗಲಿಲ್ಲ. ಲಾಗ್‌ನಲ್ಲಿ ಒಂದೊಂದು ಹಂತಕ್ಕೂ ಎರಡು ಅಂಕಿ ಇದ್ದವಲ್ಲ. ಇಬ್ಬರೂ ಬೆರಳಿಟ್ಟುಕೊಂಡು ಇಳಿದರು. ಓದುವ ಹಂತದಲ್ಲಿ ಎರಡು ಅಂಕಿಯೂ ಹತ್ತಿರ ಹತ್ತಿರ. ಲೆಕ್ಕ ಹಾಕುವ ಹಂತದಲ್ಲೂ ಹಾಗೆಯೇ. ಉಳಿಸುವ ಹಂತಕ್ಕೆ ಬಂದಾಗ ಗಡಿಯಾರ ಮೂರೂವರೆ ನಿಮಿಷ ಎಂದರೆ ಪ್ರೊಸೆಸರ್ ಅರ್ಧ ಸೆಕೆಂಡೂ ಇಲ್ಲ ಎನ್ನುತ್ತಿತ್ತು. ಮುಂದಿನ ಹಳ್ಳಿ ಓದು, ಲೆಕ್ಕ ಹಾಕು, ಉಳಿಸು, ಮತ್ತೆ ಮೂರೂವರೆ ನಿಮಿಷ. ಹೀಗೆ ಮುನ್ನೂರ ಹನ್ನೆರಡು ಸಲ. ಪ್ರತಿ ಸಲವೂ ಇಡೀ ಕಡತವನ್ನು ಮೊದಲಿನಿಂದ ಬರೆದು, ಒಂದು ಪ್ರತಿ ಕೋಣೆಯ ಡಿಸ್ಕಿಗೆ, ಇನ್ನೊಂದು ಪ್ರತಿ ಓಣಿಯ ಆ ತುದಿಯ ಉಗ್ರಾಣದ ಡಿಸ್ಕಿಗೆ.

ತಿಯಾಮಿಕೆ ಪ್ರೋಗ್ರಾಂ ತೆರೆದಳು. ಆ ಹಂತದ ಮೇಲೆ ಟಿಪ್ಪಣಿಯ ಸಾಲೊಂದಿತ್ತು. ಓದಿ ಮಾಯಿಯ ಮುಖ ನೋಡಿದಳು. ಮಾಯಿ ಓದಬೇಕಾಗಿರಲಿಲ್ಲ, ಬರೆದವರೇ ಅವರು. ಹಳ್ಳಿ ಮುಗಿದ ಕೂಡಲೇ ಇಡೀ ಪಟ್ಟಿ ಉಳಿಸು, ಎರಡು ಕಡೆ. ತಪ್ಪಿಸಬೇಡ. ಇ. ಮಕ್ವಿಂಜ.

ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಕಾಲದ ನಿಯಮ ಅದು. ಆಗ ಗಣತಿಯಲ್ಲಿ ಇದ್ದದ್ದು ಇಪ್ಪತ್ತು ಹಳ್ಳಿ. ಇಪ್ಪತ್ತು ಸಲ ಉಳಿಸಿದರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಹಳ್ಳಿಗಳು ಕೂಡುತ್ತ ಹೋದವು, ಕಡತ ದಪ್ಪವಾಗುತ್ತ ಹೋಯಿತು. ಮೂರು ವರ್ಷದ ಹಿಂದೆ ಛಾವಣಿಗೆ ಸೌರ ಫಲಕ, ಕೆಳಗೆ ಬ್ಯಾಟರಿಗಳ ಸಾಲು ಬಂದ ಮೇಲೆ ಮೆಷಿನ್ ಒಂದು ಸಲವೂ ನಡುವೆ ನಿಂತಿರಲಿಲ್ಲ. ನಿಯಮ ಮಾತ್ರ ಅಲ್ಲೇ ಇತ್ತು. ಹೊಸದಾಗಿ ಸೇರಿದವರೆಲ್ಲ ಅದನ್ನು ಕಲಿತರು. ಮಾಯಿಯ ನಿಯಮಕ್ಕೆ ಕೈ ಹಚ್ಚುವವರು ಯಾರು?

ಮಾಯಿ ಕಿಟಕಿಯ ಕಡೆ ತಿರುಗಿದರು. ಮಂಜಿಗೆ ಹೊರಗೆ ಏನೂ ಕಾಣುತ್ತಿರಲಿಲ್ಲ.

"ಡಿಸ್ಕ್ ಹಳೇದಾಗಿತ್ತು ಅಂದ್ಬಿಡೋಣ ಮಾಯಿ," ಎಂದಳು ತಿಯಾಮಿಕೆ ಮೆಲ್ಲಗೆ. "ಪೂರ್ತಿ ಸುಳ್ಳೂ ಅಲ್ಲ. ಹಳೇದೇ ತಾನೆ. ಈ ಟಿಪ್ಪಣಿ ಸಾಲು ಅಳಿಸ್ಬಿಡ್ತೀನಿ. ಯಾರ ಹೆಸರೂ ಬರಲ್ಲ."

ಬೇಡ ಎಂದು ತಕ್ಷಣ ಹೇಳಿದರು ಎಂದರೆ ಅದು ಸುಳ್ಳಾಗುತ್ತದೆ. ಹೇಳಲಿಲ್ಲ. ಆಸೆಯಾಯಿತು. ಇಪ್ಪತ್ತೆರಡು ವರ್ಷದ ಹೆಸರು ಒಂದು ಸಾಲಿಗೆ ಹೋಗುತ್ತದೆಯಲ್ಲ ಎನ್ನಿಸಿತು.

"ಮೊದ್ಲು ಸರಿ ಮಾಡೋಣ," ಎಂದರು ಕೊನೆಗೆ. "ಸುಳ್ಳು ಹೇಳೋದಕ್ಕೆ ಗುರುವಾರದವರೆಗೂ ಟೈಮಿದೆ."

ಬುಧವಾರ ಇಡೀ ದಿನ ಇಬ್ಬರೂ ಪ್ರೋಗ್ರಾಂ ತಿದ್ದಿದರು. ಮಾಡುತ್ತಿದ್ದ ಲೆಕ್ಕವನ್ನು ಮೆಷಿನ್ ತನ್ನ ನೆನಪಿನಲ್ಲೇ ಇಟ್ಟುಕೊಂಡು ಹೋಗಬೇಕು, ಹಳ್ಳಿ ಹಳ್ಳಿಗೂ ಉಗ್ರಾಣಕ್ಕೆ ಓಡಬಾರದು, ಇಷ್ಟೇ ಬದಲಾವಣೆ. ಜಗಳವಾದದ್ದು ಒಂದೇ ವಿಷಯಕ್ಕೆ.

"ಕೊನೇಲಿ ಒಂದ್ಸಲ ಉಳಿಸಿದ್ರೆ ಸಾಕು," ಎಂದಳು ತಿಯಾಮಿಕೆ.

"ಆರು ಸಲ."

"ಬ್ಯಾಟರಿ ಇದೆ ಮಾಯಿ."

"ಇದೆ. ಕರೆಂಟನ್ನೂ ನಂಬ್ತೀನಿ, ಬ್ಯಾಟರೀನೂ ನಂಬ್ತೀನಿ. ಎರಡೂ ಒಂದೇ ದಿನ ಕೈ ಕೊಡಲ್ಲ ಅಂತ ಮಾತ್ರ ನಂಬಲ್ಲ. ಆರು ಸಲ."

"ಉಗ್ರಾಣಕ್ಕೆ ಕೊನೇಲಿ ಒಂದೇ ಸಲ ಕಳಿಸಿದ್ರೂ ಅದಕ್ಕೆ ಐದು ನಿಮಿಷ ಜಾಸ್ತಿ ಹೋಗುತ್ತೆ."

"ಹೋಗ್ಲಿ. ಅಷ್ಟು ಹೊತ್ತು ನೀನು ಟೀಗೆ ಹೋಗು."

ಆರು ಸಲವೇ ಉಳಿಯಿತು. ಮಧ್ಯಾಹ್ನ ಮೇಜಿನ ಮೇಲೇ ನ್ಸಿಮಾ ಮುದ್ದೆ, ಹುರಿದ ಉಸಿಪಾ ಮೀನು ತಿಂದು, ಕೈ ತೊಳೆದು, ಹತ್ತು ಹಳ್ಳಿಗಳ ಮೇಲೆ ಓಡಿಸಿ ನೋಡಿದರು. ಹಳೆಯ ಪಟ್ಟಿಗೂ ಹೊಸದಕ್ಕೂ ಒಂದು ಅಂಕಿ ವ್ಯತ್ಯಾಸ ಬಂತು. ಹುಡುಕಿದರೆ ತಿಯಾಮಿಕೆ ಒಂದು ಹಳ್ಳಿಯನ್ನು ಎರಡು ಸಲ ಸೇರಿಸಿದ್ದಳು. ತಿದ್ದಿದ ಮೇಲೆ ಎಲ್ಲ ಹೊಂದಿಕೊಂಡಿತು. ಮುನ್ನೂರ ಹನ್ನೆರಡು ಹಳ್ಳಿ ಓಡಿಸಿ ನೋಡುವ ಧೈರ್ಯ ಮಾಯಿಗೆ ಅಂದು ಬರಲಿಲ್ಲ. ನಾಳೆ ಹೇಗೂ ಓಡಬೇಕು, ಎಲ್ಲರೆದುರೇ ಓಡಲಿ ಎಂದರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಚಿರಾಂಬೊ ಬಂದರು. ಅವರ ಹಿಂದೆ ಒಂದು ಹೆಜ್ಜೆ ಬಿಟ್ಟು ಸುಕಾಲಿ ಬಂದರು. ಮಾಯಿ ಆ ದಿನ ಚರ್ಚಿಗೆ ಉಡುವ ಹಸಿರು ಚಿತೆಂಜೆ ಬಟ್ಟೆ ಸುತ್ತಿಕೊಂಡಿದ್ದರು. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಗುಂಡಿ ಒತ್ತಿದರು.

ತಟ್ಟೆಯಲ್ಲಿ ಬಿಸಿ ಮಂದಾಸಿ ಇತ್ತು, ಕರಿದ ಹಿಟ್ಟಿನ ಉಂಡೆ, ಹೊಟ್ಟೆ ತುಂಬುವಷ್ಟು. ಯಾರೂ ಮುಟ್ಟಲಿಲ್ಲ. ಪರದೆಯಲ್ಲಿ ಹಳ್ಳಿಗಳ ಹೆಸರು ಒಂದೊಂದಾಗಿ ಹಾಯುತ್ತಿದ್ದವು. ಮೊದಲು ಒಂದು ಹೆಸರು ಹೋಗಿ ಇನ್ನೊಂದು ಬರುವಷ್ಟರಲ್ಲಿ ಎದ್ದು ಹೋಗಿ ನೀರು ಕುಡಿದು ಬರಬಹುದಿತ್ತು. ಈಗ ಎರಡು ಉಸಿರು ಬಿಡುವಷ್ಟರಲ್ಲಿ ಹೆಸರು ಮುಂದೆ ಹೋಗುತ್ತಿತ್ತು. ನೂರು ದಾಟಿದಾಗ ಸುಕಾಲಿ ಒಂದು ಮಂದಾಸಿ ಎತ್ತಿಕೊಂಡರು. ಇನ್ನೂರು ದಾಟಿದಾಗ ಚಿರಾಂಬೊ ಕೂಡ. ಒಂಬತ್ತು ಐವತ್ತಕ್ಕೆ ಓಟ ನಿಂತಿತು.

ಲಾಗ್‌ನ ಕೊನೆಯಲ್ಲಿ ಎರಡು ಅಂಕಿ ಬಂದವು. ಗಡಿಯಾರ ನಲವತ್ತಾರು ನಿಮಿಷ, ಪ್ರೊಸೆಸರ್ ಮೂವತ್ತೇಳು ನಿಮಿಷ. ತಿಯಾಮಿಕೆ ಹೊಸ ಪಟ್ಟಿಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸುವ ಆಜ್ಞೆ ಕೊಟ್ಟಳು. ವ್ಯತ್ಯಾಸ: ಸೊನ್ನೆ.

ಹೆಮ್ಮೆಗೆ ಮಾಯಿಯ ಕಣ್ಣು ತುಂಬಿ ಬಂತು. ಅದನ್ನು ಯಾರೂ ನೋಡದಿರಲಿ ಎಂದು ಮೂಗು ಒರೆಸಿಕೊಳ್ಳುವ ನೆಪ ಮಾಡಿದರು. ಅದೇ ಮೆಷಿನ್, ಅದೇ ಡಿಸ್ಕ್, ಅದೇ ಕೋಣೆ.

ಆದರೆ ಚಿರಾಂಬೊ ದಡ್ಡರಲ್ಲ. ಕುರ್ಚಿ ಎಳೆದುಕೊಂಡು ಹಳೆಯ ಪ್ರೋಗ್ರಾಂ, ಹೊಸ ಪ್ರೋಗ್ರಾಂ ಎರಡನ್ನೂ ಅಕ್ಕಪಕ್ಕ ತೆರೆಸಿ ಓದಿದರು. ಟಿಪ್ಪಣಿಯ ಸಾಲು ಮಾತ್ರ ಹಳೆಯದರಲ್ಲಿ ಇರಲಿಲ್ಲ. ತಿಯಾಮಿಕೆ ಮಾಯಿಗೆ ಹೇಳದೆಯೇ ಅಳಿಸಿದ್ದಳು.

"ಪ್ರತಿ ಹಳ್ಳಿಗೂ ಇಡೀ ಕಡತ, ಅದೂ ಎರಡು ಕಡೆ," ಎಂದರು ಚಿರಾಂಬೊ. "ಹದಿನೆಂಟೂವರೆ ಗಂಟೆ ಇದಕ್ಕೇ ಹೋಗಿದೆ. ಯಾರು ಮಾಡಿದ್ದು ಈ ನಿಯಮ?"

"ಅದು ಮುಂಚಿಂದ್ಲೂ ಹಾಗೇ ಇತ್ತು ಸಾರ್," ಎಂದು ಸುಕಾಲಿ ಅವಸರವಾಗಿ ಹೇಳಿದರು. "ಡಿಸ್ಕ್ ಕೂಡ ಹಳೇದು."

"ನಾನು ಮಾಡಿದ್ದು," ಎಂದರು ಮಾಯಿ.

ಚಿರಾಂಬೊ ಪರದೆ ಬಿಟ್ಟು ಅವರ ಕಡೆ ತಿರುಗಿದರು.

"ಅಲ್ಲೊಂದು ಸಾಲಿತ್ತು ನನ್ನ ಹೆಸರಲ್ಲಿ. ಈ ಹುಡುಗಿ ನನ್ನ ಮೇಲಿನ ಪ್ರೀತಿಗೆ ಅಳಿಸಿದಾಳೆ. ಯಾಕೆ ಮಾಡ್ದೆ ಅಂತಾನೂ ಕೇಳಿ ಡಾಕ್ಟರ್. ಒಂಬತ್ತು ವರ್ಷದ ಕೆಳಗೆ ಒಂದು ಸಂಜೆ ಕರೆಂಟ್ ಹೋಗಿ ಹನ್ನೊಂದು ದಿನ ತುಂಬಿಸಿದ್ದು ಅಳಿಸಿಹೋಯ್ತು. ಹೊಸ ಕೂಸುಗಳ ಸಾವಿನ ಕಡತ. ಮೆಷಿನ್‌ಗೆ ಹಾಕಿ ಆಯ್ತು ಅಂತ ಕಾಗದ ಅಷ್ಟರಲ್ಲಿ ಸುಟ್ಟಾಗಿತ್ತು. ಹೋಗಿ ಮತ್ತೆ ಕೇಳ್ಕೊಂಡು ಬರಬೇಕಾಯ್ತು. ಕಳಿಸೋಕೆ ಯಾರೂ ಇರ್ಲಿಲ್ಲ, ನಾನೇ ಸೈಕಲ್ ತಗೊಂಡು ಹೋದೆ. ಮೂವತ್ತೊಂದು ಮನೆ. ಅಮ್ಮಾ, ತೀರ್ಕೊಂಡ ಮಗೂದು ಇನ್ನೊಂದ್ಸಲ ಹೇಳಮ್ಮ, ಎಷ್ಟು ದಿನ ಇತ್ತು, ಜ್ವರ ಇತ್ತಾ, ಹಾಲು ಕುಡೀತಿತ್ತಾ. ಒಬ್ಬಳು ಕೇಳಿದ್ಲು, ಹೋದ ತಿಂಗಳು ಹೇಳಿದ್ದನ್ನ ಎಲ್ಲಿ ಹಾಕಿದ್ರಿ ಅಂತ. ನಾನೇನು ಹೇಳ್ಲಿ? ಕರೆಂಟ್ ಹೋಯ್ತು ಅನ್ಲಾ?"

ಮಾಯಿ ಮಂದಾಸಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಬಂದವಳೇ ಈ ನಿಯಮ ಬರೆದೆ. ಕರೆಂಟ್ ಸರಿಹೋದ ಮೇಲೆ ತೆಗೀಬೇಕಿತ್ತು, ತೆಗೀಲಿಲ್ಲ. ಲಾಗ್ ಪ್ರತಿ ಸಲಾನೂ ಹೇಳ್ತಿತ್ತು, ನಾನು ಅರ್ಧ ಮಾತ್ರ ಓದ್ತಿದ್ದೆ. ಅದು ನನ್ನ ತಪ್ಪು."

ಚಿರಾಂಬೊ ಕೇಳಿದರು, "ಆಮೇಲಿಂದ ಎಷ್ಟು ದಾಖಲೆ ಕಳೆದಿದೆ?"

"ಒಂದೂ ಇಲ್ಲ. ಈಗ ನಾನೊಂದು ಕೇಳ್ತೀನಿ. ಲಿಲೊಂಗ್ವೆಯ ದೊಡ್ಡ ಮೆಷಿನ್ ನಿಮ್ಮ ಪಟ್ಟಿಗಳಿಗೆ ಎಷ್ಟು ಹೊತ್ತು ತಗೊಳ್ಳುತ್ತೆ? ಅದರಲ್ಲಿ ದುಡಿಯೋದು ಎಷ್ಟು, ಕೂತ್ಕೊಳ್ಳೋದು ಎಷ್ಟು?"

ಚಿರಾಂಬೊ ನಿಜ ಹೇಳಿದರು. ಆ ಮಟ್ಟಿಗೆ ಅವರು ದೊಡ್ಡ ಮನುಷ್ಯರೇ.

"ಗೊತ್ತಿಲ್ಲ ಮಾಯಿ. ನಾವು ಬರೆದಿಟ್ಟಿಲ್ಲ."

ತಿಯಾಮಿಕೆಗೆ ಕೆಮ್ಮು ಬಂತು. ನಗು ತಡೆಯಲು ಅವಳಿಗೆ ಬೇರೆ ದಾರಿ ತಿಳಿದಿರಲಿಲ್ಲ.

"ಆ ನಾಲ್ಕು ಸಾಲು ನಮಗೂ ಕೊಡ್ತೀರಾ?" ಎಂದು ಚಿರಾಂಬೊ ಕೇಳಿದರು.

"ಸಾಲು ಎಷ್ಟು ಬೇಕಾದ್ರೂ ತಗೊಂಡು ಹೋಗಿ. ಪಟ್ಟಿ ಇಲ್ಲೇ ಇರುತ್ತೆ, ಈ ನಾಲ್ಕು ಕುರ್ಚಿನೂ ಇಲ್ಲೇ ಇರುತ್ತೆ."

"ಇಲ್ಲೇ ಇರ್ಲಿ," ಎಂದರು ಚಿರಾಂಬೊ. ತಂದಿದ್ದ ಆದೇಶವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ವರ್ಗಾವಣೆ ಬೇಡವೆನ್ನುವ ಹೊಸ ಪತ್ರ ತಯಾರಿಸಲು ಸುಕಾಲಿಗೆ ಹೇಳಿದರು. ಸುಕಾಲಿ ಅವರ ಬೆನ್ನುಮೂಳೆ ಆಗ ರಜೆ ಮುಗಿಸಿ ಬಂತು. ನೆಟ್ಟಗೆ ಕೂತು ಹತ್ತೇ ನಿಮಿಷದಲ್ಲಿ ಬರೆದು ಮುಗಿಸಿದರು.

ಪತ್ರ ಮೊದಲು ಮಾಯಿಯ ಕೈಗೆ ಬಂತು. ಅದರಲ್ಲಿ ಹೀಗಿತ್ತು: ಹಳೆಯ ಕಾರ್ಯವಿಧಾನದಿಂದಾಗಿ ಪಟ್ಟಿ ತಯಾರಿಕೆ ವಿಳಂಬವಾಗುತ್ತಿತ್ತು. ಘಟಕದ ಹಿರಿಯ ಸಿಬ್ಬಂದಿ ಶ್ರೀಮತಿ ಇ. ಮಕ್ವಿಂಜ ಅವರು ಸಹೋದ್ಯೋಗಿ ತಿಯಾಮಿಕೆ ಅವರೊಂದಿಗೆ ಕಾರಣ ಪತ್ತೆಹಚ್ಚಿ ಸರಿಪಡಿಸಿದ್ದಾರೆ.

ಮಾಯಿ ಎರಡು ಸಲ ಓದಿದರು. ಹಳೆಯ ಕಾರ್ಯವಿಧಾನ ಎಂಬುದರ ಮೇಲೆ ಗೆರೆ ಎಳೆದು, ಶ್ರೀಮತಿ ಇ. ಮಕ್ವಿಂಜ ಅವರು ಹಾಕಿದ್ದ ನಿಯಮ ಎಂದು ದುಂಡಗೆ ಬರೆದು ವಾಪಸು ಕೊಟ್ಟರು.

ಸುಕಾಲಿ ಅದನ್ನು ನೋಡಿ ತಲೆ ಕೆರೆದುಕೊಂಡರು. "ಮಾಯಿ, ಇದು ಸಚಿವಾಲಯದವರೆಗೂ ಹೋಗುತ್ತೆ. ಹೆಸರು ಒಂದು ಕಡೆ ಇದ್ರೆ ಸಾಲ್ದಾ? ಒಳ್ಳೇ ಕಡೆ ಇರ್ಲಿ ಬಿಡಿ."

"ಅದೂ ಒಳ್ಳೇ ಕಡೆನೇ ಬಾಂಬೊ," ಎಂದರು ಮಾಯಿ. "ಆ ನಿಯಮ ಇದ್ದ ಒಂಬತ್ತು ವರ್ಷ ಈ ಮುನ್ನೂರ ಹನ್ನೆರಡು ಹಳ್ಳೀಲಿ ಒಬ್ಬ ತಾಯೀನೂ ನಮ್ಮಿಂದ ಎರಡನೇ ಸಲ ಅಳ್ಲಿಲ್ಲ. ನಿಧಾನ ಆಗಿದ್ದು ಯಾರಿಂದ ಅಂತ ಸಚಿವಾಲಯದವರು ಕೇಳಿದ್ರೆ ನನ್ನನ್ನ ಕರೀರಿ, ನಾನೇ ಹೋಗಿ ಹೇಳ್ತೀನಿ."

ಸುಕಾಲಿ ಚಿರಾಂಬೊ ಕಡೆ ನೋಡಿದರು. ಚಿರಾಂಬೊ ಪತ್ರವನ್ನು ತಮ್ಮ ಕಡೆ ಎಳೆದುಕೊಂಡು, ತಿದ್ದಿದ್ದು ತಿದ್ದಿದ ಹಾಗೆಯೇ ಇರುವಂತೆ, ಕೆಳಗೆ ಸಹಿ ಹಾಕಿದರು.